ಮೈಸೂರಿನಲ್ಲಿದ್ದವರು ಇಯಾಸೊಸ್‌ನ ಬಿಷಪ್ ಆದದ್ದು ಹೇಗೆ?

ಓದುಗರ ಪ್ರಶ್ನೆ: 1861ರಲ್ಲಿ ಬೆಂಗಳೂರಿನ ಕಥೋಲಿಕ ಮಿಷನ್ ಅಚ್ಚು ಹಾಕಿಸಿದ ಲ್ಯಾಟಿನ್–ಕನ್ನಡ ನಿಘಂಟಿನ ಪ್ರತಿಯೊಂದು ನೋಡಲು ಸಿಕ್ಕಿತು. ಮುಖಪುಟದಲ್ಲಿ ನಿಘಂಟುಕಾರರನ್ನು ‘ಎಪಿಸ್ಕೋಪೊ ಯಾಸ್ಸೆನ್ಸಿ’, ಅಂದರೆ ಯಾಸ್ಸುಸ್‌ನ ಬಿಷಪ್ ಎಂದು ಕರೆದಿದೆ. ಜೊತೆಗೆ ಮೈಸೂರಿನ ವಿಕಾರ್ ಅಪೋಸ್ತಲಿಕ್ ಎಂದೂ ಇದೆ. ಯಾಸ್ಸುಸ್ ಎಲ್ಲಿದೆ? ಅಲ್ಲಿ ನಿಜವಾಗಿಯೂ ಬಿಷಪ್‌ಗಳು ಇದ್ದರೇ? ಇದ್ದರೆ ಆ ಊರಿನ ಬಿಷಪ್ ಬೆಂಗಳೂರಿನಲ್ಲಿ ಕುಳಿತು ಕನ್ನಡ ನಿಘಂಟು ಬರೆಯುವುದು ಹೇಗೆ ಸಾಧ್ಯ?

ಉತ್ತರ: ಆ ನಿಘಂಟಿನ ಬಿಷಪ್ ಫ್ರಾನ್ಸಿನ ಎತಿಯೆನ್ ಲೂಯಿ ಶಾರ್ಬೊನೊ. ಪ್ಯಾರಿಸ್ಸಿನ ವಿದೇಶ ಮಿಷನ್ ಸಂಘಕ್ಕೆ ಸೇರಿದ ಗುರು. 1873ರಲ್ಲಿ ತೀರಿಕೊಳ್ಳುವವರೆಗೂ ಮೈಸೂರು ಸೀಮೆಯ ಕಥೋಲಿಕರ ಹೊಣೆ ಹೊತ್ತಿದ್ದವರು. ಯಾಸ್ಸುಸ್ ಎಂಬುದು ಇಯಾಸೊಸ್ ಎಂಬ ಗ್ರೀಕ್ ಊರಿನ ಲ್ಯಾಟಿನ್ ರೂಪ. ಊರು ಇಂದಿನ ಟರ್ಕಿಯ ನೈಋತ್ಯ ಕರಾವಳಿಯಲ್ಲಿದೆ. ಅಲ್ಲಿ ಬಿಷಪ್‌ಗಳು ನಿಜವಾಗಿಯೂ ಇದ್ದರು, ಕೆಲವರ ಹೆಸರುಗಳೂ ಉಳಿದಿವೆ. ನಿಮ್ಮ ಮೂರನೆಯ ಪ್ರಶ್ನೆಗೆ ಮಾತ್ರ ಒಂದು ಸಾಲಿನ ಉತ್ತರ ಸಾಲದು. ಅದಕ್ಕಾಗಿ ಐದನೆಯ ಶತಮಾನದ ಒಂದು ಮಹಾಸಭೆಯಿಂದ ಹತ್ತೊಂಬತ್ತನೆಯ ಶತಮಾನದ ಪುದುಚೇರಿಯವರೆಗೆ ಬರಬೇಕಾಗುತ್ತದೆ.

ಮೊದಲು ಊರಿನ ವಿಷಯ. ಮುಗ್ಲಾ ಪ್ರಾಂತ್ಯದ ಮಿಲಾಸ್ ತಾಲ್ಲೂಕಿನಲ್ಲಿ, ಗುಲ್ಲುಕ್ ಕೊಲ್ಲಿಯ ದಡದಲ್ಲಿ, ಕಿಯಿಕಿಶ್ಲಾಜಿಕ್ ಎಂಬ ಮೀನುಗಾರರ ಹಳ್ಳಿಯಿದೆ. ಅದರ ಮಗ್ಗುಲಿನಲ್ಲೇ ಸಮುದ್ರಕ್ಕೆ ಚಾಚಿಕೊಂಡ ಗುಡ್ಡದ ಮೇಲೆ ಹಳೆಯ ಇಯಾಸೊಸ್ ಹರಡಿಕೊಂಡಿದೆ. ಒಂದು ಕಾಲಕ್ಕೆ ಇದು ದ್ವೀಪ. ಕರಾವಳಿಗೆ ತೀರ ಹತ್ತಿರವಿದ್ದ ದ್ವೀಪವೆಂದು ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ. ನೆಲ ಬರಡು, ಸಮುದ್ರದಲ್ಲಿ ಮೀನು ಹೇರಳ, ಆದ್ದರಿಂದ ಜನರೆಲ್ಲ ಸಮುದ್ರವನ್ನೇ ನಂಬಿ ಬದುಕುತ್ತಿದ್ದರು ಎನ್ನುತ್ತಾನೆ. ಅವನೇ ಹೇಳುವ ಒಂದು ಕಥೆ ನನಗೆ ಬಹಳ ಇಷ್ಟ. ಇಯಾಸೊಸ್‌ಗೆ ಒಬ್ಬ ತಂತಿವಾದ್ಯಗಾರ ಬಂದು ಕಛೇರಿ ನಡೆಸುತ್ತಿದ್ದನಂತೆ. ಅಷ್ಟರಲ್ಲಿ ಮೀನು ಮಾರುಕಟ್ಟೆಯ ಗಂಟೆ ಬಾರಿಸಿತು. ಕೇಳುಗರೆಲ್ಲ ಎದ್ದು ಓಡಿದರು, ಒಬ್ಬ ಮಾತ್ರ ಕುಳಿತೇ ಇದ್ದ. ವಾದ್ಯಗಾರ ಅವನ ಬಳಿ ಹೋಗಿ, ಸಂಗೀತಕ್ಕೆ ನೀವೊಬ್ಬರಾದರೂ ಮರ್ಯಾದೆ ಕೊಟ್ಟಿರಿ, ಗಂಟೆ ಕೇಳಿದ ಕೂಡಲೇ ಉಳಿದವರೆಲ್ಲ ಹೊರಟುಹೋದರು ಎಂದು ಕೃತಜ್ಞತೆ ಹೇಳಿದ. ಆ ಮನುಷ್ಯನಿಗೆ ಕಿವಿ ಮಂದ. ಏನು, ಗಂಟೆ ಆಗಲೇ ಬಾರಿಸಿತೇ ಎಂದು ಕೇಳಿ, ವಾದ್ಯಗಾರನನ್ನು ಹರಸಿ, ಅವನೂ ಮಾರುಕಟ್ಟೆಗೆ ಹೊರಟ. ಎರಡು ಸಾವಿರ ವರ್ಷದ ಹಿಂದಿನ ಆ ಊರಿನ ದಿನಚರಿಯನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ದಾಖಲೆ ಬೇರೊಂದು ಇರಲಾರದು.

ಊರಿನ ಪ್ರಾಚೀನ ರಾಜಕೀಯವನ್ನು ಇಲ್ಲಿ ಬೆಳೆಸುವುದಿಲ್ಲ. ಕ್ರಿ.ಪೂ. 412ರಲ್ಲಿ ಸ್ಪಾರ್ಟಾದವರು ಇದನ್ನು ಸೂರೆ ಮಾಡಿ ಪರ್ಷಿಯದ ಪ್ರಾಂತಾಧಿಪತಿ ತಿಸ್ಸಫರ್ನಿಸ್‌ಗೆ ಒಪ್ಪಿಸಿದರು. ಆಮೇಲೆ ಮ್ಯಾಸಿಡೋನಿಯದ ಅರಸರು, ಕೊನೆಗೆ ರೋಮನ್ನರು ಬಂದರು. ನಮ್ಮ ವಿಷಯಕ್ಕೆ ಬೇಕಾದದ್ದು ಆ ನಂತರದ ಕಾಲ.

ರೋಮನ್ ಸಾಮ್ರಾಜ್ಯ ಕ್ರೈಸ್ತವಾದ ಮೇಲೆ ಪೂರ್ವದ ಪ್ರಾಂತ್ಯಗಳಲ್ಲಿ ಹೆಚ್ಚುಕಡಿಮೆ ಪ್ರತಿಯೊಂದು ಪಟ್ಟಣಕ್ಕೂ ಒಬ್ಬ ಬಿಷಪ್ ಇರುವ ವ್ಯವಸ್ಥೆ ಬೆಳೆಯಿತು. ಇಂದಿನ ಧರ್ಮಪ್ರಾಂತ್ಯಗಳಂತೆ ಹಲವು ಜಿಲ್ಲೆಗಳ ಹರವು ಅವಕ್ಕಿರಲಿಲ್ಲ. ಒಂದು ಪಟ್ಟಣ, ಸುತ್ತಲಿನ ಹಳ್ಳಿಗಳು, ಅಷ್ಟೇ ಒಬ್ಬ ಬಿಷಪ್‌ನ ವ್ಯಾಪ್ತಿ. ಇಯಾಸೊಸ್ ಇದ್ದದ್ದು ಕ್ಯಾರಿಯ ಪ್ರಾಂತ್ಯದಲ್ಲಿ. ಆ ಪ್ರಾಂತ್ಯದ ಹಿರಿಯ ಪೀಠ ಅಫ್ರೋಡಿಸಿಯಸ್. ಅಫ್ರೋಡೈಟಿ ದೇವತೆಯ ಹೆಸರು ಹೊತ್ತ ಆ ನಗರಕ್ಕೆ ಏಳನೆಯ ಶತಮಾನದ ಹೊತ್ತಿಗೆ ಶಿಲುಬೆಯ ಹೆಸರಿನಲ್ಲಿ ಸ್ಟಾವ್ರೊಪೊಲಿಸ್ ಎಂದು ಹೊಸ ಹೆಸರಿಟ್ಟರು. ಇಯಾಸೊಸ್‌ನ ಬಿಷಪ್ ಅಲ್ಲಿನ ಮಹಾಧರ್ಮಾಧ್ಯಕ್ಷರ ಅಧೀನ, ಅವರ ಮೇಲೆ ಕಾನ್‌ಸ್ಟಾಂಟಿನೋಪಲ್‌ನ, ಅಂದರೆ ಇಂದಿನ ಇಸ್ತಾಂಬುಲ್‌ನ, ಪೇಟ್ರಿಯಾರ್ಕ್ ಎಂಬ ಪರಮೋಚ್ಚ ಧರ್ಮಾಧ್ಯಕ್ಷ.

ಸಣ್ಣ ಪೀಠಗಳ ಚರಿತ್ರೆ ಬರೆಯುವವರಿಗೆ ಸಿಗುವುದು ಮುಖ್ಯವಾಗಿ ಎರಡು ಬಗೆಯ ಕಾಗದಪತ್ರ. ಒಂದು, ಸಾರ್ವತ್ರಿಕ ಮಹಾಸಭೆಗಳಲ್ಲಿ ಬಿಷಪ್‌ಗಳು ಹಾಕಿದ ಸಹಿಗಳು. ಎರಡು, ಕಾನ್‌ಸ್ಟಾಂಟಿನೋಪಲ್‌ನ ಅಧೀನ ಪೀಠಗಳನ್ನು ಅಂತಸ್ತಿನ ಪ್ರಕಾರ ಬರೆದಿಟ್ಟ ಪಟ್ಟಿಗಳು. ಸಭೆಗಳ ದಾಖಲೆಗಳಲ್ಲಿ ಇಯಾಸೊಸ್‌ನ ಫ್ಲಾಕಿಲ್ಲುಸ್ 451ರ ಕಾಲ್ಸಿಡನ್ ಮಹಾಸಭೆಯಲ್ಲಿ ಕಾಣಿಸಿಕೊಳ್ಳುತ್ತಾನೆ. 787ರಲ್ಲಿ ಪೂಜಾಚಿತ್ರಗಳ ಗೌರವವನ್ನು ಎತ್ತಿಹಿಡಿದ ಎರಡನೆಯ ನೈಸಿಯ ಸಭೆಯಲ್ಲಿ ದಾವೀದ ಇದ್ದಾನೆ. ಒಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಗ್ರೆಗೊರಿ ಸಿಗುತ್ತಾನೆ. ಈ ಹೆಸರುಗಳನ್ನು ಒಟ್ಟುಗೂಡಿಸಿದ ಶ್ರೇಯ ಮಿಷೆಲ್ ಲ ಕಿಯೆನ್ ಎಂಬ ಫ್ರೆಂಚ್ ದೊಮಿನಿಕನ್ ವಿದ್ವಾಂಸನದು. ಪೂರ್ವದ ಪೀಠಗಳನ್ನೆಲ್ಲ ಜಾಲಾಡಿ ಆತ ಸಿದ್ಧಪಡಿಸಿದ ಮೂರು ಸಂಪುಟಗಳು, ಆತ ಸತ್ತ ಮೇಲೆ, 1740ರಲ್ಲಿ ಪ್ರಕಟವಾದವು.

ಇಷ್ಟು ಕಡಿಮೆ ಹೆಸರುಗಳೇ ಎಂದು ಬೇಸರಪಡಬೇಡಿ. ಒಂದೊಂದು ಸಹಿಯೂ ಏನನ್ನು ಹೇಳುತ್ತದೆ ನೋಡಿ. 451ರಲ್ಲಿ ಸಭೆ ಸೇರಿದ ಕಾಲ್ಸಿಡನ್, ಕಾನ್‌ಸ್ಟಾಂಟಿನೋಪಲ್‌ನ ಎದುರು ದಡದ ಊರು. ಮೀನುಗಾರರ ಊರಿನ ಬಿಷಪ್ ಅಷ್ಟು ದೂರ ಬಂದು ಸಾಮ್ರಾಜ್ಯದ ನಾನಾ ಮೂಲೆಗಳ ಬಿಷಪ್‌ಗಳ ಸಾಲಿನಲ್ಲಿ ಕುಳಿತ ಎಂದರೆ ಊರಿಗೆ ಆಗ ಚೈತನ್ಯವಿತ್ತು. ಅದಕ್ಕೆ ಇನ್ನೊಂದು ಸಾಕ್ಷಿ ಇಸ್ತಾಂಬುಲ್‌ನಲ್ಲೇ ಇದೆ. ಜಸ್ಟಿನಿಯನ್ ಚಕ್ರವರ್ತಿ ಕಟ್ಟಿಸಿದ ಹಾಗಿಯಾ ಸೋಫಿಯಾದ ಅಮೃತಶಿಲೆಗಳನ್ನು ಆ ಕಾಲದ ಆಸ್ಥಾನಕವಿ ಪೌಲನು ಒಂದೊಂದಾಗಿ ವರ್ಣಿಸಿದ್ದಾನೆ. ಇಯಾಸೊಸ್ ಬೆಟ್ಟಗಳ ಕಲ್ಲು ಅವುಗಳಲ್ಲಿ ಒಂದು: ಬಿಳಿಚಿದ ಮೈ, ಅದರ ಮೇಲೆ ಓರೆಯಾಗಿ ಹರಿದ ನೆತ್ತರುಗೆಂಪಿನ ಗೆರೆಗಳು. ಊರಿನ ಹೆಸರು ಆರನೆಯ ಶತಮಾನದ ರಾಜಧಾನಿಯಲ್ಲಿ ಕೇಳಿಬರುತ್ತಿದ್ದದ್ದು ಬಿಷಪ್‌ನ ಸಹಿಯ ಮೂಲಕ ಮಾತ್ರವಲ್ಲ, ಈ ಕಲ್ಲಿನ ಮೂಲಕವೂ ಹೌದು.

ಇಟಲಿಯ ಪುರಾತತ್ತ್ವ ತಂಡ ದೊರೊ ಲೆವಿಯವರ ನೇತೃತ್ವದಲ್ಲಿ 1960ರಿಂದ ಇಲ್ಲಿ ಉತ್ಖನನ ಆರಂಭಿಸಿತು. ಹಳೆಯ ಅಗೋರ, ಅಂದರೆ ಊರಿನ ಮಾರುಕಟ್ಟೆ ಚೌಕದೊಳಗೆ ಬೈಜಾಂಟಿನ್ (ಪೂರ್ವ ರೋಮನ್ ಸಾಮ್ರಾಜ್ಯದ) ಕಾಲದ ಚರ್ಚೂ ಕ್ರೈಸ್ತ ಸಮಾಧಿಗಳೂ ಹೊರಬಂದವು. ವ್ಯಾಪಾರ, ಮಾತುಕತೆ, ಊರ ಪಂಚಾಯಿತಿ ನಡೆಯುತ್ತಿದ್ದ ಜಾಗದಲ್ಲೇ ಜನ ತಮ್ಮ ಸತ್ತವರನ್ನು ಹೂಳತೊಡಗಿದ್ದರು. ಗ್ರೀಕ್ ನಗರವೊಂದರಲ್ಲಿ ಊರ ನಡುವೆ ಸಾಮಾನ್ಯರ ಹೆಣ ಹೂಳುವುದು ಹಿಂದಿನವರಿಗೆ ಊಹಿಸಲಾಗದ ಸಂಗತಿ; ಸತ್ತವರಿಗೆ ಜಾಗವಿದ್ದದ್ದು ಕೋಟೆಯ ಹೊರಗೆ. ಧರ್ಮ ಬದಲಾದಾಗ ಊರಿನ ನಕ್ಷೆ ಹೇಗೆ ಬದಲಾಯಿತು ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಮೀನು ಮಾರುಕಟ್ಟೆ ಎಂದು ಸ್ಥಳೀಯರು ಕರೆಯುತ್ತ ಬಂದ ಕಟ್ಟಡ ಮಾತ್ರ ಮಾರುಕಟ್ಟೆಯಲ್ಲ. ಅದು ರೋಮನ್ ಕಾಲದ ಸಮಾಧಿ ಕಟ್ಟಡ.

ಪೀಠ ಅಳಿದದ್ದು ಯಾವಾಗ? ಪೀಠಗಳ ಪಟ್ಟಿಗಳಲ್ಲಿ ಇಯಾಸೊಸ್ ಹನ್ನೆರಡು–ಹದಿಮೂರನೆಯ ಶತಮಾನದವರೆಗೂ ಉಳಿದುಕೊಂಡಿದೆ. ಆದರೆ ಇಂಥ ಪಟ್ಟಿಗಳನ್ನು ಎಚ್ಚರಿಕೆಯಿಂದ ಓದಬೇಕು. ಲಿಪಿಕಾರರು ಹಿಂದಿನ ಪಟ್ಟಿಯನ್ನು ನಕಲು ಮಾಡುವಾಗ ಸತ್ತ ಪೀಠದ ಹೆಸರನ್ನು ಹೊಡೆದುಹಾಕುತ್ತಿರಲಿಲ್ಲ. ಪಟ್ಟಿಯಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ಅಲ್ಲಿ ಬಿಷಪ್ ಇದ್ದ ಎಂದು ನಾನಂತೂ ಒಪ್ಪುವುದಿಲ್ಲ. ಸಭೆಯ ಸಹಿಯೋ ಮುದ್ರೆಯೋ ಶಾಸನವೋ ಜೊತೆಗೆ ಬೇಕು. 1071ರಲ್ಲಿ ಮಾಂಜಿಕರ್ಟ್ ಯುದ್ಧದಲ್ಲಿ ಬೈಜಾಂಟಿನ್ ಸೈನ್ಯ ಸೆಲ್ಜುಕ್ ತುರ್ಕರಿಗೆ ಸೋತ ಮೇಲೆ ಅನತೋಲಿಯದ ಒಳನಾಡು ಕೈತಪ್ಪಿತು, ಕರಾವಳಿ ಇನ್ನಷ್ಟು ಕಾಲ ಕೈ ಬದಲಾಯಿಸುತ್ತ ಉಳಿಯಿತು. ಹದಿಮೂರನೆಯ ಶತಮಾನದ ಉತ್ತರಾರ್ಧದಲ್ಲಿ ಕ್ಯಾರಿಯ ಮೆಂತೆಶೆ ಎಂಬ ತುರ್ಕಿ ಮನೆತನದ ವಶವಾಯಿತು. ಅವರು ಆಳಿದ್ದು ಇಯಾಸೊಸ್‌ಗೆ ಹತ್ತಿರದ ಮಿಲಾಸ್‌ನಿಂದ. 1424ರ ಹೊತ್ತಿಗೆ ಆ ಸೀಮೆ ಪೂರ್ತಿಯಾಗಿ ಆಟೊಮನ್ನರ ಕೈಸೇರಿತ್ತು. ಮಂದೆ ಇಲ್ಲವಾದಲ್ಲಿ ಕುರುಬನೂ ಉಳಿಯಲಿಲ್ಲ.

ಹಾಗಾದರೆ ಸತ್ತ ಪೀಠದ ಹೆಸರು ಮತ್ತೆ ಹೇಗೆ ಎದ್ದಿತು? ಇದಕ್ಕೆ ಉತ್ತರ ಅದೇ ಕಾಲ್ಸಿಡನ್ ಸಭೆಯಲ್ಲಿದೆ. ಅಲ್ಲಿ ಹೊರಡಿಸಿದ ಆರನೆಯ ವಿಧಿಯ ಪ್ರಕಾರ ಯಾರಿಗೂ ಸುಮ್ಮನೆ, ಗೊತ್ತಾದ ಸ್ಥಳವಿಲ್ಲದೆ ದೀಕ್ಷೆ ಕೊಡಬಾರದು. ಪಟ್ಟಣದ್ದೋ ಹಳ್ಳಿಯದ್ದೋ ಚರ್ಚು, ಇಲ್ಲವೇ ರಕ್ತಸಾಕ್ಷಿಯ ಗುಡಿ, ಇಲ್ಲವೇ ಮಠ, ಇವುಗಳಲ್ಲಿ ಒಂದಕ್ಕೆ ನೇಮಿಸಿಯೇ ದೀಕ್ಷೆ ಕೊಡಬೇಕು. ಹಾಗಲ್ಲದೆ ಕೊಟ್ಟದ್ದು ಊರ್ಜಿತವಲ್ಲ. ಎಲ್ಲಿಯೂ ಸೇರದೆ ಅಲೆಯುವ ಧರ್ಮಾಧಿಕಾರಿಗಳಿಂದ ಆಗುತ್ತಿದ್ದ ಕಿರಿಕಿರಿಯನ್ನು ತಡೆಯುವುದು ಆಗಿನ ಉದ್ದೇಶ. ಬಿಷಪ್‌ನ ಮಟ್ಟಿಗಂತೂ ಈ ವಿಚಾರ ಬಹಳ ಆಳವಾಗಿ ಬೇರೂರಿತು: ಬಿಷಪ್ ಎಂದರೆ ಒಂದು ಊರಿನ ಬಿಷಪ್, ಊರಿಲ್ಲದ ಬಿಷಪ್ ಎಂಬವನಿಲ್ಲ.

ಊರು ಕೈಬಿಟ್ಟುಹೋದರೆ? ಪೂರ್ವದವರು ಇದಕ್ಕೂ ಬೇಗನೆ ಉತ್ತರ ಹುಡುಕಬೇಕಾಯಿತು. 692ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಅರಮನೆಯ ತ್ರುಲ್ಲೊ ಸಭಾಂಗಣದಲ್ಲಿ ನಡೆದ ಸಭೆ ತನ್ನ 37ನೆಯ ವಿಧಿಯಲ್ಲಿ ಇದನ್ನು ಎತ್ತಿಕೊಂಡಿತು. ಹೊರಗಿನವರ ದಾಳಿಯಿಂದ ತಮ್ಮ ಪೀಠಕ್ಕೆ ಹೋಗಲಾಗದ ಬಿಷಪ್‌ಗಳು ತಮ್ಮ ಅಂತಸ್ತನ್ನೂ ದೀಕ್ಷೆ ಕೊಡುವ ಅಧಿಕಾರವನ್ನೂ ಕಳೆದುಕೊಳ್ಳುವುದಿಲ್ಲ ಎಂದು ತೀರ್ಮಾನಿಸಿತು. ಪಶ್ಚಿಮದಲ್ಲಿ ಇದೇ ಸಮಸ್ಯೆ ಕ್ರುಸೇಡ್ ಎಂಬ ಧರ್ಮಯುದ್ಧಗಳ ನಂತರ ಬಂತು. ಪ್ಯಾಲೆಸ್ಟೈನ್ ಮತ್ತು ಸಿರಿಯದಲ್ಲಿ ಲ್ಯಾಟಿನರು, ಅಂದರೆ ರೋಮ್‌ನ ಪೋಪ್‌ಗೆ ಸೇರಿದ ಪಶ್ಚಿಮದ ಕ್ರೈಸ್ತರು, ಸ್ಥಾಪಿಸಿದ್ದ ಪೀಠಗಳು ಒಂದೊಂದಾಗಿ ಬಿದ್ದವು, 1291ರಲ್ಲಿ ಆಕ್ರೆಯೂ ಬಿತ್ತು. ತಪ್ಪಿಸಿಕೊಂಡು ಯುರೋಪಿಗೆ ಬಂದ ಬಿಷಪ್‌ಗಳು ಅಲ್ಲಿನ ದೊಡ್ಡ ಧರ್ಮಪ್ರಾಂತ್ಯಗಳಲ್ಲಿ ಸಹಾಯಕರಾಗಿ ಕೆಲಸ ಮಾಡತೊಡಗಿದರು. ಅವರು ಸತ್ತ ಮೇಲೂ ಆ ಪೀಠಗಳಿಗೆ ಉತ್ತರಾಧಿಕಾರಿಗಳನ್ನು ನೇಮಿಸುವುದು ನಿಲ್ಲಲಿಲ್ಲ. ಮೊದಮೊದಲು ಮರಳಿ ಹೋಗುವ ಆಸೆಯಿತ್ತು. ಕಾಲಕ್ರಮದಲ್ಲಿ ಆಸೆ ಹೋಗಿ ಪದ್ಧತಿ ಉಳಿಯಿತು. ಲ್ಯಾಟಿನರು ಎಂದೂ ಆಳದ ಊರುಗಳ ಹೆಸರುಗಳೂ ಹಳೆಯ ಪಟ್ಟಿಗಳಿಂದ ಈ ಬಳಕೆಗೆ ಬಂದವು. ಇಯಾಸೊಸ್ ಅಂಥದ್ದು. ಇವನ್ನು ‘ಇನ್ ಪಾರ್ತಿಬುಸ್ ಇನ್ಫಿದೇಲಿಯುಂ’, ಅಂದರೆ ಅನ್ಯಮತೀಯರ ಸೀಮೆಯಲ್ಲಿರುವ ಪೀಠಗಳು ಎಂದು ಕರೆಯುವುದು ವಾಡಿಕೆಯಾಗಿತ್ತು. 1882ರಲ್ಲಿ ರೋಮ್ ಆ ಮಾತನ್ನು ಬಿಟ್ಟು, ಬರಿಯ ಬಿರುದಿನ ಪೀಠಗಳು ಎಂದು ಕರೆಯತೊಡಗಿತು. ಶಾರ್ಬೊನೊ ಬದುಕಿದ್ದದ್ದು ಹಳೆಯ ಮಾತಿನ ಕಾಲದಲ್ಲಿ.

ಈಗ ಭಾರತಕ್ಕೆ ಬರೋಣ. ಇಲ್ಲಿ ಈ ಬಿರುದುಗಳು ಬಂದದ್ದು ರಾಜಕೀಯದ ಬಿಕ್ಕಟ್ಟಿನಿಂದ. ಪೂರ್ವದೇಶಗಳ ಬಿಷಪ್‌ಗಳನ್ನು ಸೂಚಿಸುವ ಹಕ್ಕನ್ನು ಪೋಪ್‌ಗಳು ಪೋರ್ಚುಗಲ್ಲಿನ ದೊರೆಗೆ ಹಿಂದೆಯೇ ಕೊಟ್ಟಿದ್ದರು. ಪದ್ರೊವಾದೊ ಎಂಬ ಈ ಹಕ್ಕಿನ ಕೆಳಗೆ ಗೋವಾ, ಕೊಚ್ಚಿ, ಕ್ರಾಂಗನೂರು, ಮೈಲಾಪುರದ ಪೀಠಗಳಿದ್ದವು. ಹದಿನೇಳನೆಯ ಶತಮಾನದ ಹೊತ್ತಿಗೆ ಪೋರ್ಚುಗಲ್ಲಿನ ಬಲ ಕುಗ್ಗಿತ್ತು, ಹಕ್ಕನ್ನು ಮಾತ್ರ ಅದು ಬಿಡಲೊಲ್ಲದು. ರೋಮ್ 1622ರಲ್ಲಿ ಪ್ರೊಪಗಾಂಡಾ ಫಿದೆ ಎಂಬ ಸಂಸ್ಥೆ ಸ್ಥಾಪಿಸಿ ಮಿಷನ್‌ಗಳನ್ನು ನೇರವಾಗಿ ತಾನೇ ನೋಡಿಕೊಳ್ಳಲು ಹೊರಟಿತು. ಹೊಸ ಪೀಠ ಸ್ಥಾಪಿಸಿದರೆ ಲಿಸ್ಬನ್ನಿನ ಜೊತೆ ಜಗಳ. ಆದ್ದರಿಂದ ಪೀಠವನ್ನೇ ಸ್ಥಾಪಿಸದೆ, ಪೋಪ್‌ನ ಪ್ರತಿನಿಧಿಯಾಗಿ ವಿಕಾರ್ ಅಪೋಸ್ತಲಿಕ್ ಎಂಬವರನ್ನು ಕಳುಹಿಸಿದರು. ಸ್ಥಳೀಯರಿಗೆ ಗುರುದೀಕ್ಷೆ ಕೊಡಲು ಅವರು ಬಿಷಪ್ ಆಗಿರಬೇಕು. ಬಿಷಪ್ ಆಗಲು ಒಂದು ಊರು ಬೇಕು. ಅದಕ್ಕೆ ಅನತೋಲಿಯದ್ದೋ ಥ್ರೇಸಿನದ್ದೋ ಅರೇಬಿಯದ್ದೋ ಹೆಸರು.

ಈ ಏರ್ಪಾಡು ಭಾರತದಲ್ಲಿ ಮೊದಲು ಬಂದದ್ದು ನಮ್ಮ ಬಿಜಾಪುರದ ಹೆಸರಿನಲ್ಲಿ. ಗೋವಾದ ಬ್ರಾಹ್ಮಣ ಮೂಲದ ಮತೆಯುಸ್ ದಿ ಕಾಸ್ತ್ರೊ 1637ರಲ್ಲಿ ರೋಮ್‌ನಲ್ಲಿ ಕ್ರಿಸೊಪೊಲಿಸ್‌ನ ಬಿಷಪ್ ಆಗಿ ದೀಕ್ಷೆ ಪಡೆದರು. ಅವರ ಹೊಣೆ ಆದಿಲ್‌ಶಾಹಿ ರಾಜ್ಯ. ಗೋವಾದ ಪೋರ್ಚುಗೀಸ್ ಧರ್ಮಾಧಿಕಾರಿಗಳು ಅವರ ಅಧಿಕಾರವನ್ನು ಒಪ್ಪಲಿಲ್ಲ. ಕಾಸ್ತ್ರೊ ಆಗ ಬಿಜಾಪುರದ ಆಳ್ವಿಕೆಯಲ್ಲಿದ್ದ ಬಿಚೋಲಿಯಲ್ಲಿ ನೆಲೆಸಿ ಕೆಲಸ ಮಾಡಿದರು, 1677ರಲ್ಲಿ ರೋಮ್‌ನಲ್ಲಿ ತೀರಿಕೊಂಡರು. ಪೋರ್ಚುಗೀಸರ ವರ್ಣಭೇದವನ್ನು ಎದುರಿಸಿ ಒಬ್ಬ ಭಾರತೀಯ ಬಿಷಪ್ ಆದದ್ದು ಆ ಕಾಲಕ್ಕೆ ಸಣ್ಣ ಸಾಧನೆಯಲ್ಲ. ಕ್ರಿಸೊಪೊಲಿಸ್ ಎಂಬ ದೂರದ ಹೆಸರು ಇಲ್ಲದಿದ್ದರೆ ಅದು ಸಾಧ್ಯವೇ ಆಗುತ್ತಿರಲಿಲ್ಲ ಎಂಬುದನ್ನು ನೆನಪಿಡಬೇಕು.

ಮೈಸೂರು ಸೀಮೆ ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಪುದುಚೇರಿಯ ಮಿಷನ್‌ಗೆ ಸೇರಿತ್ತು. ಅಲ್ಲಿನ ಮುಖ್ಯಸ್ಥರು ಕ್ಲೆಮಾಂ ಬೊನ್ನಾಂ, ಡ್ರುಸಿಪಾರದ ಬಿಷಪ್. ಅದೂ ಬೈಜಾಂಟಿನ್ ಪೀಠವೇ. ಥ್ರೇಸಿನಲ್ಲಿ ಆಡ್ರಿಯಾನೋಪಲ್‌ನಿಂದ ಕಾನ್‌ಸ್ಟಾಂಟಿನೋಪಲ್‌ಗೆ ಹೋಗುವ ಹೆದ್ದಾರಿಯ ಮೇಲಿದ್ದ ಊರು. ಆರನೆಯ ಶತಮಾನದ ಕೊನೆಯಲ್ಲಿ ಅವಾರರು ಎಂಬ ಅಲೆಮಾರಿ ಜನರ ಕಗಾನ್, ಅಂದರೆ ದೊರೆ, ಅಲ್ಲಿನ ಸಂತ ಅಲೆಕ್ಸಾಂಡರನ ಚರ್ಚನ್ನು ಸುಟ್ಟು, ಬೆಳ್ಳಿ ಹೊದಿಸಿದ ಸಮಾಧಿಯನ್ನು ದೋಚಿದ. ಬೆನ್ನಲ್ಲೇ ಅವನ ಪಾಳೆಯಕ್ಕೆ ಪ್ಲೇಗು ತಗಲಿ ಏಳು ಗಂಡುಮಕ್ಕಳು ಒಂದೇ ದಿನ ಸತ್ತರು ಎಂದು ಥಿಯೊಫಿಲಾಕ್ಟ್ ಎಂಬ ಇತಿಹಾಸಕಾರ ಬರೆದಿದ್ದಾನೆ. ಸಂಧಿಗೆ ಬಂದ ರಾಯಭಾರಿ ತಂದ ಕಾಣಿಕೆಯನ್ನು ಕಗಾನ್ ಪುತ್ರಶೋಕದಲ್ಲಿ ಎಷ್ಟೋ ದಿನ ಮುಟ್ಟಲೇ ಇಲ್ಲವಂತೆ. ಪುದುಚೇರಿಯ ಬಿಷಪ್ ತಮ್ಮ ಹೆಸರಿನ ಜೊತೆ ಬರೆದುಕೊಳ್ಳುತ್ತಿದ್ದ ಊರಿಗೆ ಇಷ್ಟೊಂದು ಕಥೆಯಿದೆ.

ಬೊನ್ನಾಂ 1844ರಲ್ಲಿ ಪುದುಚೇರಿಯಲ್ಲಿ ಒಂದು ಧರ್ಮಸಭೆ ಕರೆದರು. ಸ್ಥಳೀಯ ಗುರುಗಳನ್ನು ತಯಾರು ಮಾಡಬೇಕು, ಶಾಲೆಗಳನ್ನು ತೆರೆಯಬೇಕು ಎಂಬುದು ಅಲ್ಲಿನ ಮುಖ್ಯ ನಿರ್ಣಯಗಳು. ಮರುವರ್ಷ, 1845ರಲ್ಲಿ, ಮೈಸೂರು ಪ್ರತ್ಯೇಕ ಮಿಷನ್ ಆಯಿತು. ಶಾರ್ಬೊನೊ ಅದರ ಹೊಣೆ ಹೊತ್ತು ಯಾಸ್ಸುಸ್‌ನ ಬಿಷಪ್ ಆದರು. 1850ರಲ್ಲಿ ಮೈಸೂರು ಪೂರ್ಣ ಪ್ರಮಾಣದ ವಿಕಾರಿಯೇಟ್ ಆಯಿತು. ನೀವು ನೋಡಿದ ನಿಘಂಟನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಗುರುವಾಗಲು ಬಂದ ಕನ್ನಡದ ಹುಡುಗರು ಧರ್ಮಶಾಸ್ತ್ರವನ್ನು ಲ್ಯಾಟಿನ್‌ನಲ್ಲಿ ಓದಬೇಕಿತ್ತು. ಫ್ರಾನ್ಸಿನಿಂದ ಬಂದ ಗುರುಗಳು ಜನರೊಡನೆ ಕನ್ನಡದಲ್ಲಿ ಮಾತನಾಡಬೇಕಿತ್ತು. ಎರಡೂ ಕಡೆಯವರಿಗೆ ಬೇಕಾದ ಪುಸ್ತಕ ಅದು. ಕನ್ನಡ ನಿಘಂಟುಗಳ ಚರಿತ್ರೆಯಲ್ಲಿ ರೀವ್ ಮತ್ತು ಕಿಟ್ಟೆಲ್ ಅವರ ನಡುವೆ ಕಥೋಲಿಕ ಮಿಷನ್ನಿನ ಈ ಕೆಲಸಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಎಂಬ ಕೊರಗು ನನಗಿದೆ. ಲ್ಯಾಟಿನ್ ಬಲ್ಲ ಕನ್ನಡಿಗರು ಯಾರಾದರೂ ಅದರ ಶಬ್ದಸಂಪತ್ತನ್ನು ಕೂಲಂಕಷವಾಗಿ ಪರಿಶೀಲಿಸಬೇಕು. ನೂರಾರು ವರ್ಷ ಬಿಷಪ್ ಇಲ್ಲದೆ ಬಿದ್ದಿದ್ದ ಇಯಾಸೊಸ್ ಪೀಠದ ಹೆಸರು ಬೆಂಗಳೂರಿನಲ್ಲಿ ಒಂದು ಕನ್ನಡ ನಿಘಂಟಿನ ಮೇಲೆ ಅಚ್ಚಾದದ್ದು ನನ್ನ ಮಟ್ಟಿಗೆ ಆ ಪೀಠದ ಚರಿತ್ರೆಯದೇ ಒಂದು ಅಧ್ಯಾಯ.

ಬಿರುದಿನ ಬಿಷಪ್‌ಗೆ ಆ ಊರಿನ ಮೇಲೆ ಯಾವ ಅಧಿಕಾರವೂ ಇಲ್ಲ, ಆದಾಯವೂ ಇಲ್ಲ, ಅಲ್ಲಿಗೆ ಹೋಗಬೇಕೆಂಬ ಕಟ್ಟಳೆಯೂ ಇಲ್ಲ. ಇದನ್ನು ಪೊಳ್ಳು ಅಲಂಕಾರ ಎಂದು ತಳ್ಳಿಹಾಕುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಫ್ಲಾಕಿಲ್ಲುಸ್ ಕುಳಿತಿದ್ದ ಸಭೆ ಮಾಡಿದ ನಿಯಮವನ್ನು ಮುರಿಯದೆ, ಸಾವಿರದ ನಾಲ್ಕುನೂರು ವರ್ಷಗಳ ನಂತರದ ಹೊಸ ಅಗತ್ಯಕ್ಕೆ ದಾರಿ ಮಾಡಿದ ಕಾನೂನಿನ ಉಪಾಯ ಇದು. ನಿಯಮವನ್ನು ರದ್ದು ಮಾಡುವುದು ಸುಲಭವಿತ್ತು. ಹಾಗೆ ಮಾಡಿದ್ದರೆ ಇಯಾಸೊಸ್‌ನಂಥ ನೂರಾರು ಪೀಠಗಳ ಹೆಸರುಗಳನ್ನು ಇಂದು ವಿದ್ವಾಂಸರ ಹೊರತು ಯಾರೂ ಎತ್ತುತ್ತಿರಲಿಲ್ಲ.

ಮೈಸೂರಿನ ಮಟ್ಟಿಗೆ ಈ ಏರ್ಪಾಡು ಮುಗಿದದ್ದು 1886ರಲ್ಲಿ. ಆ ವರ್ಷ ಪೋರ್ಚುಗಲ್ಲಿನೊಡನೆ ಹೊಸ ಒಪ್ಪಂದವಾಯಿತು, ಪೋಪ್ 13ನೆಯ ಲಿಯೋ ಭಾರತದಲ್ಲಿ ನಿಯತ ಧರ್ಮಪ್ರಾಂತ್ಯಗಳನ್ನು ಸ್ಥಾಪಿಸಿದರು. ಆಗಿನ ವಿಕಾರ್ ಅಪೋಸ್ತಲಿಕ್ ಕೊಆದು ಮೈಸೂರಿನ ಬಿಷಪ್ ಎಂದೇ ಕರೆಸಿಕೊಂಡರು. ದೂರದ ಊರಿನ ಹೆಸರು ಅವರಿಗೆ ಇನ್ನು ಬೇಕಿರಲಿಲ್ಲ. 1940ರಲ್ಲಿ ಬೆಂಗಳೂರು ಮೈಸೂರಿನಿಂದ ಬೇರೆಯಾಗಿ ತಾನೇ ಧರ್ಮಪ್ರಾಂತ್ಯವಾಯಿತು.

ಪದ್ಧತಿ ಮಾತ್ರ ಇಂದಿಗೂ ಜೀವಂತ. ಧರ್ಮಪ್ರಾಂತ್ಯಗಳ ಸಹಾಯಕ ಬಿಷಪ್‌ಗಳಿಗೆ, ಪೋಪ್‌ನ ರಾಯಭಾರಿಗಳಿಗೆ, ವ್ಯಾಟಿಕನ್ ಕಚೇರಿಗಳ ಬಿಷಪ್‌ಗಳಿಗೆ ಇಂಥ ಪೀಠಗಳನ್ನು ಕೊಡುತ್ತಾರೆ. ಮುಂದೆ 23ನೆಯ ಯೋವಾನ್ನ ಎಂದು ಪೋಪ್ ಆದ ರೊಂಕಾಲ್ಲಿ ಇಸ್ತಾಂಬುಲ್‌ನಲ್ಲಿದ್ದಾಗ ಮೆಸೆಂಬ್ರಿಯದ ಬಿರುದು ಹೊತ್ತಿದ್ದರು; ಅದು ಬಲ್ಗೇರಿಯದ ಕಪ್ಪು ಸಮುದ್ರ ತೀರದ ಊರು. ಎರಡನೆಯ ಜಾನ್ ಪಾಲ್ 1958ರಲ್ಲಿ ಕ್ರಾಕೋವ್‌ನ ಸಹಾಯಕ ಬಿಷಪ್ ಆದಾಗ ಅವರಿಗೆ ಸಿಕ್ಕಿದ್ದು ಈಜಿಪ್ಟಿನ ಓಂಬಿ. ಆರ್ಥೊಡಾಕ್ಸ್ ಸಭೆಯಲ್ಲೂ ಇದು ಇದೆ: ಆಕ್ಸ್‌ಫರ್ಡಿನಲ್ಲಿ ಪಾಠ ಹೇಳುತ್ತಿದ್ದ ಕಲ್ಲಿಸ್ಟೊಸ್ ವೇರ್ ಅವರನ್ನು ಕಾನ್‌ಸ್ಟಾಂಟಿನೋಪಲ್‌ನ ಪೇಟ್ರಿಯಾರ್ಕೇಟ್ ಫ್ರಿಜಿಯದ ದಿಯೊಕ್ಲಿಯದ ಬಿಷಪ್ ಆಗಿ, ಆಮೇಲೆ ಮೆಟ್ರೊಪಾಲಿಟನ್ ಆಗಿ ನೇಮಿಸಿತ್ತು. ಕಥೋಲಿಕರಲ್ಲಿ ಒಂದು ಬದಲಾವಣೆ ಮಾತ್ರ ಆಗಿದೆ. ಮೊದಲು ನಿವೃತ್ತ ಬಿಷಪ್‌ಗೂ ಒಂದು ಬಿರುದಿನ ಪೀಠ ಕೊಡುತ್ತಿದ್ದರು. 1970ರಿಂದ ಈಚೆಗೆ ಅವರು ತಾವು ಸೇವೆ ಮಾಡಿದ ಧರ್ಮಪ್ರಾಂತ್ಯದ ವಿಶ್ರಾಂತ ಬಿಷಪ್ ಎಂದೇ ಉಳಿಯುತ್ತಾರೆ. ಹಾಗಾಗಿ ಹಳೆಯ ಪುಸ್ತಕ, ಸಮಾಧಿ ಕಲ್ಲು, ಚರ್ಚಿನ ದಾಖಲೆಗಳಲ್ಲಿ ಗುರುತಿಲ್ಲದ ಊರಿನ ಬಿಷಪ್ ಎಂದು ಕಂಡರೆ ಮೊದಲು ವರ್ಷ ನೋಡಿ, ಆಮೇಲೆ ಆ ವ್ಯಕ್ತಿ ಯಾವ ಹುದ್ದೆಯಲ್ಲಿದ್ದರು ಎಂದು ನೋಡಿ. ಕರ್ನಾಟಕದ ಮಟ್ಟಿಗೆ 1886ಕ್ಕೆ ಹಿಂದಿನದಾದರೆ ಅವರು ಬಹುಮಟ್ಟಿಗೆ ವಿಕಾರ್ ಅಪೋಸ್ತಲಿಕ್ ಆಗಿರುತ್ತಾರೆ.